ಮನೆಯಂಗಳದಲ್ಲೇ ಕಾರಿನ ಸರ್ವಿಸ್: ಬಿಚ್ಚುವುದು ಸುಲಭ, ಕೂರಿಸುವುದೇ ಕೆಲಸ

ಮನೆಯಲ್ಲಿ ಕಾರಿನ ಕೆಲಸ ಮಾಡುವವರ ಕೈಯಲ್ಲಿ ಕೆಡುವ ಭಾಗಗಳ ಪಟ್ಟಿ ಮಾಡಿದರೆ ಎಂಜಿನ್ನಿನ ತಳದಲ್ಲಿ ಆಯಿಲ್ ನಿಲ್ಲುವ ಪಾತ್ರೆಯ, ಅಂದರೆ ಸಂಪಿನ, ಡ್ರೈನ್ ಬೋಲ್ಟನ್ನು (ಹಳೆಯ ಆಯಿಲ್ ಇಳಿಸಲು ಬಿಚ್ಚುವ ಬೋಲ್ಟು) ಮೊದಲಿಗೇ ಬರೆಯಬೇಕು. ಬಹಳಷ್ಟು ಕಾರುಗಳಲ್ಲಿ ಸಂಪ್ ಅಲ್ಯೂಮಿನಿಯಂನದು, ಬೋಲ್ಟು ಉಕ್ಕಿನದು. ಆಯಿಲ್ ಸೋರಬಾರದು ಎಂದು ಕೊನೆಗೆ ಇನ್ನೊಂದು ಅರ್ಧ ಸುತ್ತು ಬಿಗಿದರೆ ಮೆತ್ತಗಿನ ಲೋಹದ ಥ್ರೆಡ್ (ಬೋಲ್ಟನ್ನು ಹಿಡಿಯುವ ಸುರುಳಿ ಗೆರೆ) ಸುಲಿದು ಬೋಲ್ಟಿನ ಜೊತೆಗೇ ಬರುತ್ತದೆ. ಐನೂರು ರೂಪಾಯಿ ಲೇಬರ್ ಉಳಿಸಲು ಹೋಗಿ ಸಂಪನ್ನೇ ಬದಲಿಸುವ ಸ್ಥಿತಿ ಬರುವುದು ಹೀಗೆ. ಆದ್ದರಿಂದ ಆಯಿಲ್ ಗ್ರೇಡು, ಫಿಲ್ಟರು, ಪ್ಲಗ್ಗು ಎಲ್ಲಕ್ಕಿಂತ ಮೊದಲು ಕಲಿಯಬೇಕಾದದ್ದು ಬಿಗಿಯುವ ಅಳತೆಯನ್ನು.

ಇಲ್ಲಿ ಬರೆದಿರುವುದು ನಮ್ಮ ರಸ್ತೆಗಳಲ್ಲಿ ಹೆಚ್ಚಾಗಿ ಓಡುವ 1 ರಿಂದ 1.2 ಲೀಟರ್‌ನ ಸಣ್ಣ ಪೆಟ್ರೋಲ್ ಕಾರುಗಳಿಗೆ ಹೊಂದುತ್ತದೆ: ವ್ಯಾಗನ್ ಆರ್, ಸ್ವಿಫ್ಟ್, ಐ10, ಟಿಯಾಗೊ ಥರದವು. ಅಂಕಿಗಳು ಸಾಮಾನ್ಯ ಮಿತಿಗಳು ಮಾತ್ರ. ನಿಮ್ಮ ಕಾರಿನ ಓನರ್ಸ್ ಮ್ಯಾನ್ಯುಯಲ್ ಬೇರೆ ಅಂಕಿ ಹೇಳಿದರೆ ಅದೇ ಅಂತಿಮ. ಕಾರು ಇನ್ನೂ ವಾರಂಟಿಯಲ್ಲಿದ್ದರೆ ಸರ್ವಿಸನ್ನು ಕಂಪನಿಯಲ್ಲೇ ಮಾಡಿಸಿ. ಅಲ್ಲಿಯವರೆಗೆ ಗಾಳಿ, ಬ್ಯಾಟರಿ, ಏರ್ ಫಿಲ್ಟರ್ ನೋಡಿಕೊಳ್ಳುವಷ್ಟು ಅಭ್ಯಾಸ ಸಾಕು.

ಬಿಗಿಯುವ ಅಳತೆ

ಬೋಲ್ಟನ್ನು ಬಿಗಿಯುವ ಬಲವನ್ನು ನ್ಯೂಟನ್ ಮೀಟರ್‌ನಲ್ಲಿ ಅಳೆಯುತ್ತಾರೆ. ಈ ಬಲವನ್ನು ಅಳೆದು ಬಿಗಿಯುವ ಟಾರ್ಕ್ ವ್ರೆಂಚ್ ಇದ್ದರೆ ಒಳ್ಳೆಯದು. ಕಾರಿನ ಕೆಲಸ ಮುಂದುವರಿಸುವ ಮನಸ್ಸಿದ್ದರೆ ಮೊದಲು ಕೊಳ್ಳಬೇಕಾದ ಉಪಕರಣ ಅದೇ. ಇಲ್ಲದವರು ಕೈಗೆ ಅಂದಾಜು ಹತ್ತಿಸಿಕೊಳ್ಳಲು ಲಗೇಜ್ ತೂಗುವ ಕೊಕ್ಕೆಯ ತಕ್ಕಡಿ ಸಾಕು. ಸ್ಪ್ಯಾನರಿನ ಹಿಡಿಯ ಮೇಲೆ ಬೋಲ್ಟಿನ ನಡುಮಧ್ಯದಿಂದ 25 ಸೆಂಟಿಮೀಟರ್ ಅಳೆದು ಗುರುತು ಹಾಕಿ. ಅಲ್ಲಿ ಕೊಕ್ಕೆ ಸಿಕ್ಕಿಸಿ, ಹಿಡಿಗೆ ನೇರ ಅಡ್ಡಲಾಗಿ ಎಳೆಯಿರಿ. ತಕ್ಕಡಿ 4 ಕೆಜಿ ತೋರಿಸಿದರೆ ಸುಮಾರು 10 ನ್ಯೂಟನ್ ಮೀಟರ್, 10 ಕೆಜಿ ತೋರಿಸಿದರೆ ಸುಮಾರು 25, 14 ಕೆಜಿಗೆ ಸುಮಾರು 34. ನಾಲ್ಕು ಸಲ ಹೀಗೆ ಎಳೆದು ನೋಡಿದರೆ, ಡ್ರೈನ್ ಬೋಲ್ಟಿಗೆ ಬೇಕಾದ 30–40 ನ್ಯೂಟನ್ ಮೀಟರ್ ನಾವು ಅಂದುಕೊಂಡದ್ದಕ್ಕಿಂತ ಎಷ್ಟು ಕಡಿಮೆ ಎಂದು ಕೈಗೇ ತಿಳಿಯುತ್ತದೆ.

ಅದಕ್ಕಿಂತಲೂ ನಾಜೂಕಿನದು 10 ಎಂಎಂ ತಲೆಯ ಸಣ್ಣ ಬೋಲ್ಟು. ಇಗ್ನಿಷನ್ ಕಾಯಿಲ್, ಏರ್ ಫಿಲ್ಟರ್ ಬಾಕ್ಸ್, ವಾಲ್ವ್ ಕವರ್, ಎಲ್ಲಾ ಕಡೆ ಇರುವುದು ಇದೇ. ಇದಕ್ಕೆ 8–10 ನ್ಯೂಟನ್ ಮೀಟರ್ ಸಾಕು. ಉದ್ದ ಹಿಡಿಯ ರ‍್ಯಾಚೆಟ್ ಹಾಕಿ ಅಂಗೈಯಲ್ಲಿ ಒತ್ತಿದರೆ ಬೋಲ್ಟಿನ ತಲೆ ಟಕ್ಕನೆ ಮುರಿದು, ಉಳಿದ ಕಡ್ಡಿ ಎಂಜಿನ್ ಒಳಗೇ ಕೂರುತ್ತದೆ. ಚಿಕ್ಕ ಬೋಲ್ಟಿಗೆ ಚಿಕ್ಕ ಹಿಡಿ, ಹಿಡಿಯ ಬುಡದಲ್ಲಿ ಎರಡೇ ಬೆರಳು: ಹೀಗೆ ಅಭ್ಯಾಸ ಮಾಡಿ.

ಇನ್ನು ಥ್ರೆಡ್ ಹಿಡಿಸುವ ಕ್ರಮ. ಯಾವ ಬೋಲ್ಟನ್ನೇ ಆಗಲಿ ಸ್ಪ್ಯಾನರಿನಲ್ಲಿ ಶುರು ಮಾಡಬೇಡಿ. ರಂಧ್ರಕ್ಕೆ ನೇರವಾಗಿ ಇಟ್ಟು, ಮೊದಲು ಬೆರಳಿನಿಂದ ಬಿಚ್ಚುವ ದಿಕ್ಕಿಗೆ ನಿಧಾನ ತಿರುಗಿಸಿ. ಒಂದು ಕಡೆ ಬೋಲ್ಟು ಕೂದಲೆಳೆಯಷ್ಟು ಕೆಳಗಿಳಿದು ಸಣ್ಣಗೆ 'ಟಿಕ್' ಎನ್ನುತ್ತದೆ. ಥ್ರೆಡ್ಡಿನ ಬಾಯಿಗೆ ಬಾಯಿ ಸೇರಿದ ಜಾಗ ಅದು. ಅಲ್ಲಿಂದ ಬಿಗಿಯುವ ದಿಕ್ಕಿಗೆ ತಿರುಗಿಸಿದರೆ ಮೂರು ನಾಲ್ಕು ಸುತ್ತು ಬೆರಳಲ್ಲೇ ಹೋಗಬೇಕು. ಹೋಗದೆ ಅರ್ಧ ಸುತ್ತಿಗೇ ಹಿಡಿದುಕೊಂಡರೆ ಅಡ್ಡ ಕೂತಿದೆ ಎಂದರ್ಥ. ತೆಗೆದು ಮತ್ತೆ ಶುರು ಮಾಡಿ. ಕೊನೆಯಲ್ಲಿ ಬಿಗಿಯುವಾಗ ಬೋಲ್ಟಿನ ತಲೆ ವಾಷರಿಗೆ ತಾಗಿದೊಡನೆ ತಿರುಗಣೆ ನಿಂತು, ಅಲ್ಲಿಂದಾಚೆ ಬಲ ಏರುತ್ತಾ ಹೋಗಬೇಕು. ಬಲ ಏರದೆ ಬೆಣ್ಣೆಯಲ್ಲಿ ತಿರುಗಿದಂತೆ ಮೆತ್ತಗೆ ತಿರುಗುತ್ತಲೇ ಇದ್ದರೆ ಥ್ರೆಡ್ ಬಿಟ್ಟುಕೊಡುತ್ತಿದೆ. ಆ ಕ್ಷಣ ಕೈ ತೆಗೆಯಿರಿ. ಅರ್ಧ ಉಳಿದ ಥ್ರೆಡ್ಡಿಗೆ ಒಳ್ಳೆಯ ಮೆಕ್ಯಾನಿಕ್ ಅಥವಾ ಲೇತ್ ಅಂಗಡಿಯವರು ಹೆಲಿಕಾಯಿಲ್ (ಹೊಸ ಥ್ರೆಡ್ ಆಗುವ ತಂತಿ ಸುರುಳಿ) ಹಾಕಿ ಉಳಿಸಿಕೊಡಬಲ್ಲರು.

ತುಕ್ಕು ಹಿಡಿದ ಬೋಲ್ಟಿಗೆ ತುಕ್ಕು ಬಿಡಿಸುವ ಸ್ಪ್ರೇ ಹೊಡೆದು ಕನಿಷ್ಠ ಅರ್ಧ ಗಂಟೆ, ಸಾಧ್ಯವಾದರೆ ರಾತ್ರಿಯಿಡೀ ಬಿಡಿ. ಹನ್ನೆರಡು ಮೂಲೆಯ ಸಾಕೆಟ್ಟಿಗಿಂತ ಆರು ಮೂಲೆಯದು ಬೋಲ್ಟಿನ ತಲೆಯನ್ನು ಪೂರಾ ಹಿಡಿಯುತ್ತದೆ, ಮೂಲೆ ಸವೆಸುವುದಿಲ್ಲ. ತೆರೆದ ಬಾಯಿಯ ಸ್ಪ್ಯಾನರು ಸಡಿಲವಾದ ಬೋಲ್ಟನ್ನು ಬೇಗ ತಿರುಗಿಸಲು ಸರಿ, ಬಿಗಿಯಾದ ಬೋಲ್ಟನ್ನು ಬಿಚ್ಚಲು ಅಲ್ಲ.

ಕಾರು ಎತ್ತುವ ಮುನ್ನ

ಕಾರಿನ ಜೊತೆ ಬರುವ ಜಾಕ್ ಸ್ಟೆಪ್ನಿ ಬದಲಿಸಲು ಮಾತ್ರ. ಬರೀ ಜಾಕಿನ ಮೇಲೆ ನಿಂತ ಕಾರಿನ ಕೆಳಗೆ ತಲೆ ಇರಲಿ, ಕೈಯನ್ನೂ ಹಾಕಬಾರದು. ಎತ್ತಿದ ಕಾರಿನ ಭಾರ ಹೊರುವ ಎರಡು ಆಕ್ಸಲ್ ಸ್ಟ್ಯಾಂಡ್ ಬೇಕೇ ಬೇಕು. ಇಟ್ಟಿಗೆ, ಹಾಲೋ ಬ್ಲಾಕ್, ಒಂದರ ಮೇಲೊಂದಿಟ್ಟ ಕಲ್ಲು ಇವು ಯಾವುವೂ ಸ್ಟ್ಯಾಂಡಿಗೆ ಬದಲಿಯಲ್ಲ. ಹಾಲೋ ಬ್ಲಾಕ್ ಮುನ್ಸೂಚನೆ ಕೊಡದೆ ಒಮ್ಮೆಗೇ ಒಡೆಯುತ್ತದೆ.

ನೆಲವೂ ಮುಖ್ಯ. ಅಂಗಳಕ್ಕೆ ಹಾಕುವ ಇಂಟರ್‌ಲಾಕ್ ಟೈಲ್ಸ್ ಅಡಿಯಲ್ಲಿ ಮರಳಿರುತ್ತದೆ. ಸ್ಟ್ಯಾಂಡಿನ ನಾಲ್ಕು ಸಣ್ಣ ಕಾಲುಗಳು ಒಂದು ಟೈಲ್ ಮೇಲೆ ಕೂತರೆ ಅದು ಒಂದು ಬದಿಗೆ ಕುಸಿಯಬಹುದು. ಎರಡು ಇಂಚು ದಪ್ಪದ, ಎರಡಡಿ ಅಗಲದ ಗಟ್ಟಿ ಹಲಗೆ ಹಾಸಿ ಭಾರ ಹಂಚಿ. ಗೇಟಿನ ಇಳಿಜಾರಿನಲ್ಲಂತೂ ಕಾರು ಎತ್ತಲೇಬೇಡಿ. ಕ್ರಮ ಹೀಗೆ: ಹ್ಯಾಂಡ್‌ಬ್ರೇಕ್ ಎಳೆಯಿರಿ, ಮೊದಲ ಗೇರ್ ಹಾಕಿ, ಹಿಂದಿನ ಎರಡೂ ಚಕ್ರಗಳಿಗೆ ಎರಡೂ ಬದಿಯಿಂದ ಅಡ್ಡ ಕೊಡಿ. ಚಕ್ರ ಬಿಚ್ಚುವುದಿದ್ದರೆ ನಟ್ಟುಗಳನ್ನು ನೆಲದ ಮೇಲಿದ್ದಾಗಲೇ ಕಾಲು ಸುತ್ತು ಸಡಿಲಿಸಿ. ಎತ್ತಿ, ಮ್ಯಾನ್ಯುಯಲ್ ತೋರಿಸಿದ ಜಾಗಕ್ಕೇ ಸ್ಟ್ಯಾಂಡ್ ಕೊಟ್ಟು, ಇಳಿಸಿದ ಮೇಲೆ ಕಾರನ್ನು ಸೊಂಟದಿಂದ ಜೋರಾಗಿ ಒಮ್ಮೆ ನೂಕಿ ನೋಡಿ. ಅಲುಗಿದರೆ ಈಗಲೇ ಗೊತ್ತಾಗಲಿ. ಬಿಚ್ಚಿದ ಚಕ್ರವನ್ನು ಕಾರಿನ ಅಂಚಿನ ಕೆಳಗೆ ಮಲಗಿಸಿಡಿ. ಸ್ಟ್ಯಾಂಡ್ ಜಾರಿದರೂ ಕಾರು ನೆಲಕ್ಕೆ ಬೀಳದೆ ಚಕ್ರದ ಮೇಲೆ ನಿಲ್ಲುತ್ತದೆ.

ಎಂಜಿನ್ ಆಯಿಲ್

ಬೇಕಾದದ್ದು: ಮ್ಯಾನ್ಯುಯಲ್ ಹೇಳಿದ ಗ್ರೇಡಿನ ಆಯಿಲ್ (ಈ ಗಾತ್ರದ ಎಂಜಿನ್ನಿಗೆ ಫಿಲ್ಟರ್ ಸೇರಿ ಹೆಚ್ಚಾಗಿ 3 ರಿಂದ 3.7 ಲೀಟರ್), ಆಯಿಲ್ ಫಿಲ್ಟರ್, ಡ್ರೈನ್ ಬೋಲ್ಟಿನ ಹೊಸ ವಾಷರ್, ಐದು ಲೀಟರ್ ಹಿಡಿಯುವ ತಟ್ಟೆ, ಕೈಗವಸು, ಬನಿಯನ್ ವೇಸ್ಟ್. ಬದಿ ಕೊಯ್ದ ಹಳೆಯ ಐದು ಲೀಟರ್ ಕ್ಯಾನ್ ಒಳ್ಳೆಯ ತಟ್ಟೆಯಾಗುತ್ತದೆ.

ಗ್ರೇಡಿನ ವಿಷಯದಲ್ಲಿ ಒಂದು ಮಾತು. ದಪ್ಪ ಆಯಿಲ್ ಹಾಕಿದರೆ ಎಂಜಿನ್ನಿಗೆ ಹೆಚ್ಚು ರಕ್ಷಣೆ ಎನ್ನುವ ನಂಬಿಕೆ ಹಳೆಯ ಕಾರುಗಳ ಕಾಲದ್ದು. 0ಡಬ್ಲ್ಯೂ-20 ಅಥವಾ 5ಡಬ್ಲ್ಯೂ-30ಕ್ಕೆಂದು (ಅಂಕಿ ಸಣ್ಣದಾದಷ್ಟು ಆಯಿಲ್ ತೆಳು) ಮಾಡಿದ ಎಂಜಿನ್ನಿನಲ್ಲಿ ಆಯಿಲ್ ಓಡುವ ದಾರಿಗಳು ಕಿರಿದು. ವಾಲ್ವ್ ಟೈಮಿಂಗ್ ಬದಲಿಸುವ ವ್ಯವಸ್ಥೆ ಕೆಲಸ ಮಾಡುವುದೂ ಅದೇ ಆಯಿಲ್ ಒತ್ತಡದಿಂದ. ಅದಕ್ಕೆ 20ಡಬ್ಲ್ಯೂ-50 ಸುರಿದರೆ ಬೆಳಗಿನ ಮೊದಲ ಸ್ಟಾರ್ಟಿನಲ್ಲಿ ಮೇಲಿನ ಭಾಗಗಳಿಗೆ ಆಯಿಲ್ ತಲುಪುವುದೇ ತಡ.

ಎಂಜಿನ್ನನ್ನು ಐದು ನಿಮಿಷ ಓಡಿಸಿ, ಆರಿಸಿ, ಹತ್ತು ಹದಿನೈದು ನಿಮಿಷ ಬಿಡಿ. ತಣ್ಣಗಿದ್ದರೆ ಕೊಳೆ ತಳದಲ್ಲೇ ಉಳಿಯುತ್ತದೆ, ಲಾಂಗ್ ಡ್ರೈವಿನಿಂದ ಬಂದ ಬಿಸಿಯಲ್ಲೇ ಬಿಚ್ಚಿದರೆ ಕೈ ಬೇಯುತ್ತದೆ. ಮೇಲಿನ ಫಿಲ್ಲರ್ ಕ್ಯಾಪ್ ಮೊದಲು ತೆಗೆಯಿರಿ. ತುಂಬುವ ಬಾಯಿ ತೆರೆದುಕೊಳ್ಳುತ್ತದೆ ಎಂದು ಖಚಿತವಾಗದೆ ಕೆಳಗಿನದನ್ನು ಬಿಚ್ಚಬಾರದು. ಗೇರ್‌ಬಾಕ್ಸ್ ಆಯಿಲ್ ಬದಲಿಸುವಾಗ ಈ ನಿಯಮ ಇನ್ನೂ ಮುಖ್ಯ: ಕೆಳಗಿನಿಂದ ಆಯಿಲ್ ಪೂರ್ತಿ ಇಳಿದ ಮೇಲೆ ಮೇಲಿನ ಪ್ಲಗ್ ಬಿಚ್ಚಿಕೊಳ್ಳದಿದ್ದರೆ ಕಾರು ನಿಂತಲ್ಲೇ ನಿಲ್ಲಬೇಕು.

ಅಡಿಗೆ ಹೋದವರು ಗಮನಿಸಬೇಕಾದದ್ದು, ಅಲ್ಲಿ ಎರಡು ಡ್ರೈನ್ ಬೋಲ್ಟುಗಳಿರುತ್ತವೆ. ಒಂದು ಎಂಜಿನ್ ಸಂಪಿನದು, ಇನ್ನೊಂದು ಪಕ್ಕದ ಗೇರ್‌ಬಾಕ್ಸಿನದು. ಎಂಜಿನ್ನಿನದೆಂದು ತಿಳಿದು ಗೇರ್‌ಬಾಕ್ಸಿನದನ್ನು ಬಿಚ್ಚಿ, ಎಂಜಿನ್ನಿಗೆ ಮತ್ತೆ ಮೂರು ಲೀಟರ್ ಸುರಿಯುವ ತಪ್ಪು ಹೊಸಬರಿಂದ ಆಗುತ್ತಲೇ ಇರುತ್ತದೆ. ಆಗ ಗೇರ್‌ಬಾಕ್ಸ್ ಒಣಗಿ, ಎಂಜಿನ್ ಎರಡರಷ್ಟು ತುಂಬಿ, ಒಂದೇ ಸಲಕ್ಕೆ ಎರಡೂ ಹಾಳು. ಆಯಿಲ್ ಫಿಲ್ಟರ್ ಯಾವ ಭಾಗಕ್ಕೆ ಅಂಟಿಕೊಂಡಿದೆ ನೋಡಿ, ಅದು ಎಂಜಿನ್. ಬಿಚ್ಚಿದಾಗ ಬಂದದ್ದು ಕಪ್ಪಾಗಿರದೆ ಜೇನಿನ ಬಣ್ಣದಲ್ಲಿದ್ದು, ಗಂಧಕದಂತೆ ಘಾಟು ಹೊಡೆದರೆ ಅದು ಗೇರ್ ಆಯಿಲ್. ತಕ್ಷಣ ಬೋಲ್ಟು ಹಾಕಿ ನಿಲ್ಲಿಸಿ.

ಬೋಲ್ಟು ಸಡಿಲವಾದ ಮೇಲೆ ಬೆರಳಲ್ಲಿ ತಿರುಗಿಸುತ್ತಾ ಅದನ್ನು ಒಳಗೆ ಒತ್ತಿಯೇ ಇಟ್ಟುಕೊಳ್ಳಿ. ಥ್ರೆಡ್ ಮುಗಿದದ್ದು ಕೈಗೆ ಗೊತ್ತಾದಾಗ ಒಮ್ಮೆಗೇ ಬದಿಗೆ ಎಳೆದರೆ ಆಯಿಲ್ ಮೊಣಕೈವರೆಗೆ ಹರಿಯುವುದಿಲ್ಲ. ಧಾರೆ ಮೊದಲಿಗೆ ದೂರ ಚಿಮ್ಮುತ್ತದೆ, ಆಮೇಲೆ ಹತ್ತಿರಕ್ಕೆ ಬರುತ್ತದೆ. ತಟ್ಟೆ ಎರಡನ್ನೂ ಹಿಡಿಯುವಂತಿರಲಿ. ಕಾಲು ಗಂಟೆ ಇಳಿಯಲು ಬಿಡಿ. ಹಳೆಯ ಆಯಿಲ್ ಕಪ್ಪಗಿರುವುದು ಸಹಜ. ಅದರಲ್ಲಿ ಬೆಳ್ಳಿ ಪುಡಿಯಂತೆ ಮಿಂಚು ಕಂಡರೆ ಬೇರಿಂಗ್ ಸವೆಯುತ್ತಿದೆ, ಹಾಲು ಬೆರೆಸಿದ ಕಾಫಿಯಂತಿದ್ದರೆ ಕೂಲೆಂಟ್ (ಎಂಜಿನ್ ತಣಿಸುವ ದ್ರವ) ಸೇರುತ್ತಿದೆ. ಇವೆರಡೂ ಮೆಕ್ಯಾನಿಕ್ಕಿಗೆ ತೋರಿಸಬೇಕಾದವು.

ಹಳೆಯ ಫಿಲ್ಟರ್ ಬಿಚ್ಚಿದಾಗ ಅದರ ರಬ್ಬರ್ ರಿಂಗ್ ಅದರಲ್ಲೇ ಬಂದಿದೆಯೇ ನೋಡಿ. ಎಷ್ಟೋ ಸಲ ರಿಂಗ್ ಎಂಜಿನ್ನಿಗೇ ಅಂಟಿಕೊಂಡು ಉಳಿಯುತ್ತದೆ. ಅದರ ಮೇಲೆ ಹೊಸ ಫಿಲ್ಟರ್ ಕೂರಿಸಿದರೆ ಎರಡು ರಿಂಗ್ ಒಂದರ ಮೇಲೊಂದು ಜಾರಿ, ಸ್ಟಾರ್ಟ್ ಮಾಡಿದ ಕೆಲವೇ ಕ್ಷಣಗಳಲ್ಲಿ ಆಯಿಲ್ ಹೊರಗೆ ಸುರಿಯುತ್ತದೆ. ಕೂರುವ ಜಾಗ ಒರೆಸಿ, ಹೊಸ ರಿಂಗಿಗೆ ಬೆರಳ ತುದಿಯಿಂದ ಹೊಸ ಆಯಿಲ್ ಸವರಿ, ರಿಂಗ್ ತಾಗುವವರೆಗೆ ತಿರುಗಿಸಿ, ಅಲ್ಲಿಂದ ಮುಕ್ಕಾಲು ಸುತ್ತು ಬರೀ ಕೈಯಲ್ಲಿ ಬಿಗಿಯಿರಿ. ಫಿಲ್ಟರ್ ವ್ರೆಂಚ್ ಇರುವುದು ಬಿಚ್ಚಲು, ಬಿಗಿಯಲು ಅಲ್ಲ.

ಡ್ರೈನ್ ಬೋಲ್ಟಿಗೆ ಹೊಸ ವಾಷರ್ ಹಾಕಿ ಬಿಗಿದ ಮೇಲೆ, ಮ್ಯಾನ್ಯುಯಲ್ ಹೇಳಿದ್ದಕ್ಕಿಂತ ಅರ್ಧ ಲೀಟರ್ ಕಡಿಮೆ ತುಂಬಿ. ಸ್ಟಾರ್ಟ್ ಮಾಡಿ, ಆಕ್ಸಿಲರೇಟರ್ ಒತ್ತಬೇಡಿ. ಖಾಲಿ ಫಿಲ್ಟರ್ ತುಂಬುವವರೆಗೆ ಕೆಂಪು ಆಯಿಲ್ ದೀಪ ಎರಡು ಮೂರು ಸೆಕೆಂಡ್ ಉರಿಯುತ್ತದೆ. ಹತ್ತು ಸೆಕೆಂಡಿಗೂ ಆರದಿದ್ದರೆ ಎಂಜಿನ್ ಆರಿಸಿ. ದೀಪ ಆರಿದರೆ ಒಂದು ನಿಮಿಷ ಓಡಿಸಿ, ಕೆಳಗೆ ಬಗ್ಗಿ ಫಿಲ್ಟರ್ ಬುಡ ಮತ್ತು ಬೋಲ್ಟು ನೋಡಿ, ಆರಿಸಿ. ಕಾರನ್ನು ಸಮ ನೆಲಕ್ಕೆ ಇಳಿಸಿ ಐದು ನಿಮಿಷದ ನಂತರ ಡಿಪ್‌ಸ್ಟಿಕ್ (ಆಯಿಲ್ ಮಟ್ಟ ನೋಡುವ ಕಡ್ಡಿ) ಒರೆಸಿ ಅದ್ದಿ ನೋಡಿ. ಎರಡು ಗುರುತುಗಳ ನಡುವೆ ಮೇಲ್ಭಾಗಕ್ಕೆ ಬರುವಂತೆ ನೂರು ನೂರು ಮಿಲಿಯಾಗಿ ಸೇರಿಸಿ. ಮೇಲಿನ ಗುರುತು ದಾಟಿಸಿದರೆ ತಿರುಗುವ ಕ್ರ್ಯಾಂಕ್ ಆಯಿಲನ್ನು ಮಜ್ಜಿಗೆಯಂತೆ ಕಡೆದು ನೊರೆ ಮಾಡುತ್ತದೆ, ನೊರೆಯ ಆಯಿಲ್ ಬೇರಿಂಗನ್ನು ಕಾಯಲಾರದು.

ಏರ್ ಫಿಲ್ಟರ್, ಕ್ಯಾಬಿನ್ ಫಿಲ್ಟರ್

ಇದು ಹತ್ತು ನಿಮಿಷದ ಕೆಲಸ. ಏರ್ ಫಿಲ್ಟರಿನ ದೂಳನ್ನು ಎಂಜಿನ್ ಕಡೆಯ ಮೈಯಿಂದ ಹೊರಗಿನ ಕಡೆಗೆ ಊದಬೇಕು. ಕಾಗದದ ಫಿಲ್ಟರನ್ನು ತೊಳೆಯಬಾರದು, ಪೆಟ್ರೋಲಿನಲ್ಲಿ ಅದ್ದಬಾರದು. ಮಣ್ಣಿನ ರಸ್ತೆಯಲ್ಲಿ ಓಡುವ ಕಾರಿಗೆ ಕಂಪನಿ ಹೇಳಿದ ಅವಧಿಗಿಂತ ಮೊದಲೇ ಬದಲಿಸಿ. ಬಾಕ್ಸ್ ತೆರೆದಾಗ ಇಲಿ ತಂದಿಟ್ಟ ಒಣ ಎಲೆ, ಬಟ್ಟೆ ಚೂರು ಸಿಕ್ಕರೆ ಸುತ್ತಲಿನ ವೈರುಗಳನ್ನೂ ಒಂದೊಂದಾಗಿ ಬೆರಳಾಡಿಸಿ ನೋಡಿ. ಡ್ಯಾಶ್‌ಬೋರ್ಡಿನ ಖಾನೆಯ ಹಿಂದಿರುವ ಕ್ಯಾಬಿನ್ ಫಿಲ್ಟರಿನಲ್ಲಿ ಗಾಳಿಯ ದಿಕ್ಕಿನ ಬಾಣವಿರುತ್ತದೆ, ಅದನ್ನು ಗಮನಿಸಿ ಹಾಕಿ. ಎಸಿ ಹಾಕಿದೊಡನೆ ಮಳೆಗಾಲದ ಒದ್ದೆ ಬಟ್ಟೆಯ ವಾಸನೆ ಬರುತ್ತಿದ್ದರೆ ಮೊದಲು ನೋಡಬೇಕಾದದ್ದು ಇದನ್ನೇ.

ಸ್ಪಾರ್ಕ್ ಪ್ಲಗ್

ಎಂಜಿನ್ ಪೂರ್ತಿ ತಣ್ಣಗಿರಬೇಕು. ಬಿಸಿಯಲ್ಲಿ ಅಲ್ಯೂಮಿನಿಯಂ ಹೆಡ್ಡಿನ ಥ್ರೆಡ್ ಸುಲಭವಾಗಿ ಕಿತ್ತುಬರುತ್ತದೆ. ಪ್ಲಗ್ಗಿನ ಮೇಲೆ ಕೂರುವ ಇಗ್ನಿಷನ್ ಕಾಯಿಲಿನ ಕನೆಕ್ಟರ್ ಲಾಕ್ ಹಳೆಯ ಕಾರಿನಲ್ಲಿ ಹಪ್ಪಳದಂತೆ ಮುರಿಯುತ್ತದೆ. ಮೊದಲು ಕನೆಕ್ಟರನ್ನು ಒಳಗೆ ನೂಕಿ, ಆಮೇಲೆ ಲಾಕ್ ಒತ್ತಿ, ಹೊರಗೆಳೆಯಿರಿ. ಕಾಯಿಲ್ ತೆಗೆದ ಮೇಲೆ, ಪ್ಲಗ್ ಬಿಚ್ಚುವ ಮುನ್ನ, ಕುಳಿಯೊಳಗಿನ ದೂಳನ್ನು ಪಂಪಿನಿಂದ ಊದಿ. ಇಲ್ಲದಿದ್ದರೆ ಆ ಮರಳು ನೇರ ಸಿಲಿಂಡರಿಗೆ.

ಹೊಸ ಪ್ಲಗ್ ಇಳಿಸಲು ಪ್ಲಗ್ಗಿನ ತಲೆಗೆ ಬಿಗಿಯಾಗಿ ಕೂರುವ ಒಂದಡಿ ರಬ್ಬರ್ ಪೈಪ್ ಬಳಸಿ. ಪೈಪನ್ನು ಬೆರಳಲ್ಲಿ ತಿರುಗಿಸಿದರೆ ಪ್ಲಗ್ ಇಳಿಯುತ್ತದೆ. ಅಡ್ಡ ಕೂತರೆ ರಬ್ಬರೇ ಜಾರುತ್ತದೆ, ಥ್ರೆಡ್ ಉಳಿಯುತ್ತದೆ. ಕಬ್ಬಿಣದ ಸಾಕೆಟ್ಟಿಗೆ ಆ ದಯೆ ಇಲ್ಲ. ಪ್ಲಗ್ ತಳ ತಾಗಿದ ಮೇಲೆ ವಾಷರ್ ಇರುವ ಹೊಸ ಪ್ಲಗ್ಗನ್ನು ಸುಮಾರು ಅರ್ಧ ಸುತ್ತು ಬಿಗಿಯಿರಿ. ಥ್ರೆಡ್ಡಿಗೆ ಗ್ರೀಸ್, ಆಯಿಲ್ ಬೇಡ. ಜಾರುವ ಥ್ರೆಡ್ ಅದೇ ಬಲಕ್ಕೆ ಹೆಚ್ಚು ಬಿಗಿದುಕೊಳ್ಳುತ್ತದೆ. ನೆಲಕ್ಕೆ ಬಿದ್ದ ಪ್ಲಗ್ಗನ್ನು ಹಾಕಲೇಬೇಡಿ, ಪಿಂಗಾಣಿಯೊಳಗಿನ ಬಿರುಕು ಕಣ್ಣಿಗೆ ಕಾಣುವುದಿಲ್ಲ. ತೆಗೆದ ಹಳೆಯ ಪ್ಲಗ್ಗುಗಳನ್ನು ಸಿಲಿಂಡರಿನ ಕ್ರಮದಲ್ಲೇ ಜೋಡಿಸಿಡಿ: ತುದಿ ತೆಳು ಕಂದು ಇದ್ದರೆ ಆರೋಗ್ಯ, ಒಣ ಮಸಿಯಿದ್ದರೆ ಪೆಟ್ರೋಲ್ ಹೆಚ್ಚು ಹೋಗುತ್ತಿದೆ, ಒಂದೇ ಪ್ಲಗ್ ಆಯಿಲಿನಲ್ಲಿ ನೆಂದಿದ್ದರೆ ಆ ಸಿಲಿಂಡರಿನದೇ ತೊಂದರೆ.

ಕೂಲೆಂಟ್ ಮತ್ತು ಬೋರ್‌ವೆಲ್ ನೀರು

ಬಿಸಿ ಎಂಜಿನ್ನಿನ ರೇಡಿಯೇಟರ್ ಕ್ಯಾಪ್ ತೆಗೆಯಬಾರದು. ಒತ್ತಡದಲ್ಲಿ ಹಿಡಿದಿಟ್ಟ ನೀರು ಕ್ಯಾಪ್ ಸಡಿಲವಾದೊಡನೆ ಕುದಿದು ಮುಖಕ್ಕೆ ಹಾರುತ್ತದೆ. ಮಟ್ಟವನ್ನು ತಣ್ಣಗಿರುವಾಗ ಪಕ್ಕದ ಪ್ಲಾಸ್ಟಿಕ್ ಟ್ಯಾಂಕಿನಲ್ಲಿ ನೋಡಿ.

ಕಡಿಮೆಯಾದಾಗ ನಲ್ಲಿ ನೀರು ಸೇರಿಸುವ ಅಭ್ಯಾಸ ನಮ್ಮಲ್ಲಿ ತೀರಾ ಸಾಮಾನ್ಯ. ಕೋಲಾರ, ಚಿಕ್ಕಬಳ್ಳಾಪುರ, ಬೆಂಗಳೂರಿನ ಹೊರವಲಯದ ಬೋರ್‌ವೆಲ್ ನೀರು ಬಕೆಟಿನ ಅಂಚಿಗೆ ಬಿಡುವ ಬಿಳಿ ಕರೆಯನ್ನು ನೆನೆಸಿಕೊಳ್ಳಿ. ಅದೇ ಕರೆ ರೇಡಿಯೇಟರಿನ ಕಿರಿದಾದ ನಾಳಗಳ ಒಳಗೆ ಕಟ್ಟುತ್ತದೆ. ರೆಡಿ ಮಿಕ್ಸ್ ಕೂಲೆಂಟನ್ನು ಹಾಗೇ ಸುರಿಯಿರಿ. ಕಾನ್ಸನ್‌ಟ್ರೇಟ್ ತಂದಿದ್ದರೆ ಡಿಸ್ಟಿಲ್ಡ್ ನೀರಿನಲ್ಲಿ, ಸಾಮಾನ್ಯವಾಗಿ ಸಮಪಾಲಾಗಿ ಬೆರೆಸಿ. ಬಣ್ಣ ಹೊಂದಿತೆಂದು ಬೇರೆ ಬೇರೆ ಕೂಲೆಂಟ್ ಬೆರೆಸಬೇಡಿ, ಬಣ್ಣ ರಸಾಯನದ ಗುರುತಲ್ಲ. ಪೂರ್ತಿ ಬದಲಿಸಿದ ಮೇಲೆ ಹೀಟರನ್ನು ಪೂರ್ತಿ ಬಿಸಿಗೆ ತಿರುಗಿಸಿ ಎಂಜಿನ್ ಓಡಿಸಿ, ಒಳಗಿನ ಗಾಳಿ ಹೊರಬರಲಿ. ಎಂಜಿನ್ ಬಿಸಿ ಏರುತ್ತಿದ್ದು ಹೀಟರಿನಿಂದ ಮಾತ್ರ ತಣ್ಣನೆ ಗಾಳಿ ಬಂದರೆ ಗಾಳಿ ಇನ್ನೂ ಸಿಕ್ಕಿಕೊಂಡಿದೆ. ತೆಗೆದ ಹಳೆಯ ಕೂಲೆಂಟ್ ಸಿಹಿಯಾಗಿರುತ್ತದೆ, ನಾಯಿ ಬೆಕ್ಕು ನೆಕ್ಕುತ್ತವೆ, ಅದರ ಎಥಿಲೀನ್ ಗ್ಲೈಕಾಲ್ ಅವುಗಳಿಗೆ ಪ್ರಾಣಾಂತಕ. ತಟ್ಟೆಯನ್ನು ಅಂಗಳದಲ್ಲಿ ಬಿಟ್ಟು ಊಟಕ್ಕೆ ಹೋಗಬೇಡಿ.

ಬ್ಯಾಟರಿ

ಬಿಚ್ಚುವಾಗ ಮೊದಲು ನೆಗೆಟಿವ್, ಹಾಕುವಾಗ ಕೊನೆಗೆ ನೆಗೆಟಿವ್. ಕಾರಣ ಸರಳ: ನೆಗೆಟಿವ್ ಕೂಡಿರುವಾಗ ಪಾಸಿಟಿವ್ ಬಿಚ್ಚುವ ಸ್ಪ್ಯಾನರ್ ಕಾರಿನ ಲೋಹದ ಮೈಗೆ ತಾಗಿದರೆ ಅದೇ ಶಾರ್ಟ್. ಬಿಳಿ ಹಸಿರು ಪುಡಿ ಕಟ್ಟಿದ್ದರೆ ಒಂದು ಲೋಟ ಬಿಸಿ ನೀರಿಗೆ ಒಂದು ಚಮಚ ಅಡುಗೆ ಸೋಡಾ ಹಾಕಿ ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ಉಜ್ಜಿ, ಒಣಗಿಸಿ, ಟರ್ಮಿನಲ್ ಬಿಗಿದ ನಂತರ ಹೊರಮೈಗೆ ವ್ಯಾಸಲೀನ್ ಸವರಿ. ಕೈಯಲ್ಲಿ ಹಿಡಿದು ತಿರುವಿದರೆ ಟರ್ಮಿನಲ್ ಅಲುಗಬಾರದು. 'ಬ್ಯಾಟರಿ ಹೋಯಿತು' ಎಂದು ಹೊಸದು ತಂದವರಲ್ಲಿ ಕೆಲವರ ತೊಂದರೆ ಈ ಸಡಿಲ ಟರ್ಮಿನಲ್ ಮಾತ್ರ. ಮಲ್ಟಿಮೀಟರ್ ಇದ್ದರೆ, ರಾತ್ರಿಯಿಡೀ ನಿಂತ ಕಾರಿನಲ್ಲಿ 12.6 ವೋಲ್ಟ್ ಬಂದರೆ ಪೂರ್ತಿ ಚಾರ್ಜ್, 12ರ ಹತ್ತಿರ ಬಂದರೆ ಖಾಲಿ. ಎಂಜಿನ್ ಓಡುವಾಗ 13.8 ರಿಂದ 14.5ರೊಳಗೆ ಬಂದರೆ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ಸರಿಯಾಗಿದೆ.

ಬ್ರೇಕ್: ನಿಧಾನವೇ ನಿಯಮ

ಮೇಲಿನದೆಲ್ಲ ಎರಡು ಮೂರು ಸಲ ಮಾಡಿ ಕೈ ಪಳಗಿದ ಮೇಲೆ, ಮೊದಲ ಸಲ ಗೊತ್ತಿರುವವರನ್ನು ಪಕ್ಕದಲ್ಲಿಟ್ಟುಕೊಂಡು ಇದಕ್ಕೆ ಇಳಿಯಿರಿ. ಮುಂದಿನ ಡಿಸ್ಕ್ ಪ್ಯಾಡುಗಳ ಉಜ್ಜುವ ಪದರ 3 ಎಂಎಂಗೆ ಇಳಿದಾಗ ಬದಲಿಸಿ. ಎರಡೂ ಬದಿಯದನ್ನು ಒಟ್ಟಿಗೇ ಬದಲಿಸಬೇಕು, ಆದರೆ ಬಿಚ್ಚುವುದು ಒಂದಾದ ಮೇಲೊಂದು. ಒಂದು ಬದಿ ಗಲಿಬಿಲಿಯಾದರೆ ಇನ್ನೊಂದು ಬದಿ ನೋಡಿ ಜೋಡಿಸಬಹುದು.

ಪ್ಯಾಡುಗಳನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರಿನ ಕೆಳಗಿನ ಬೋಲ್ಟು ಬಿಚ್ಚಿ ಮೇಲಕ್ಕೆ ಮಡಚಿ. ಪೂರ್ತಿ ತೆಗೆಯುವುದಾದರೆ ಸ್ಪ್ರಿಂಗಿಗೆ ತಂತಿಯಿಂದ ಕಟ್ಟಿ, ರಬ್ಬರ್ ಹೋಸಿಗೆ ಜೋತಾಡಿಸಬೇಡಿ. ಹಳೆಯ ಪ್ಯಾಡುಗಳನ್ನು ಕೈಯಲ್ಲಿ ಹಿಡಿದು ನೋಡಿ. ಎರಡೂ ಸಮ ಸವೆದಿದ್ದರೆ ಸರಿ. ಒಂದು ಕಾಗದದಷ್ಟು ತೆಳುವಾಗಿ, ಇನ್ನೊಂದು ಅರ್ಧಕ್ಕರ್ಧ ಉಳಿದಿದ್ದರೆ ಕ್ಯಾಲಿಪರ್ ಜಾರುವ ಪಿನ್ ಹಿಡಿದುಕೊಂಡಿದೆ. ಮಂಗಳೂರು, ಉಡುಪಿ, ಕಾರವಾರದ ಉಪ್ಪುಗಾಳಿಗೂ ಮಳೆಗೂ ಇದು ಬೇಗ ಆಗುತ್ತದೆ. ಪಿನ್ ಎಳೆದು, ಒರೆಸಿ, ಸಿಲಿಕೋನ್ ಬ್ರೇಕ್ ಗ್ರೀಸ್ ತೆಳುವಾಗಿ ಸವರಿ, ರಬ್ಬರ್ ಹೊದಿಕೆ ಹರಿದಿದ್ದರೆ ಬದಲಿಸಿ. ಇದನ್ನು ಬಿಟ್ಟು ಬರೀ ಪ್ಯಾಡ್ ಹಾಕಿದರೆ ಹೊಸದೂ ಹಾಗೇ ಒಂಟಿಯಾಗಿ ಸವೆಯುತ್ತದೆ. ಮಾಮೂಲಿ ಗ್ರೀಸ್ ರಬ್ಬರನ್ನು ಉಬ್ಬಿಸುತ್ತದೆ, ಇಲ್ಲಿ ಬೇಡ. ಪ್ಯಾಡಿನ ಮೈಗೂ ಡಿಸ್ಕಿಗೂ ಯಾವ ಜಿಡ್ಡೂ ತಾಗಬಾರದು. ಬ್ರೇಕಿನ ದೂಳನ್ನು ಊದಬೇಡಿ, ಒದ್ದೆ ಬಟ್ಟೆಯಿಂದ ಒರೆಸಿ.

ಹೊಸ ಪ್ಯಾಡಿಗೆ ಜಾಗ ಮಾಡಲು ಪಿಸ್ಟನ್ ಒಳಗೆ ನೂಕಬೇಕು. ಹಳೆಯ ಪ್ಯಾಡನ್ನು ಅಡ್ಡವಿಟ್ಟು ಸಿ-ಕ್ಲ್ಯಾಂಪಿನಿಂದ ನಿಧಾನ ಒತ್ತಿ. ಆಗ ಬಾನೆಟ್ ಒಳಗಿನ ಫ್ಲೂಯಿಡ್ ಡಬ್ಬಿಯ ಮಟ್ಟ ಏರುತ್ತದೆ, ತುಂಬಿ ಹರಿದರೆ ಪೇಂಟ್ ಕಿತ್ತುಬರುತ್ತದೆ. ಬಿದ್ದಲ್ಲಿಗೆ ಕೂಡಲೇ ನೀರು ಸುರಿಯಿರಿ.

ಎಲ್ಲ ಜೋಡಿಸಿದ ಮೇಲೆ, ಕಾರು ಒಂದಡಿ ಚಲಿಸುವ ಮುನ್ನ, ಬ್ರೇಕ್ ಪೆಡಲನ್ನು ಗಟ್ಟಿಯಾಗುವವರೆಗೆ ಒತ್ತಿ ಒತ್ತಿ ಬಿಡಿ. ಒಳಗೆ ನೂಕಿದ ಪಿಸ್ಟನ್ ಇನ್ನೂ ಪ್ಯಾಡಿಗೆ ತಾಗಿರುವುದಿಲ್ಲ. ಮೊದಲ ಒತ್ತಿಗೆ ಪೆಡಲ್ ನೆಲಕ್ಕೆ ಹೋಗುತ್ತದೆ, ಬ್ರೇಕ್ ಇರುವುದಿಲ್ಲ. ಗೇಟಿನ ಹೊರಗೆ ರಸ್ತೆಯಿರುವ ಮನೆಯಲ್ಲಿ ಈ ಒಂದು ಹೆಜ್ಜೆ ಮರೆತರೆ ಏನಾಗುತ್ತದೆ ಎಂದು ವಿವರಿಸಬೇಕಿಲ್ಲ. ಮೊದಲ ಇನ್ನೂರು ಮುನ್ನೂರು ಕಿಲೋಮೀಟರ್ ಜೋರು ಬ್ರೇಕ್ ತಪ್ಪಿಸಿ.

ಬ್ರೇಕ್ ಫ್ಲೂಯಿಡ್ ಗಾಳಿಯ ತೇವ ಹೀರುತ್ತದೆ. ಡಾಟ್ 4 ಗುಣಮಟ್ಟದ ಪ್ರಕಾರ ಹೊಸದರ ಕುದಿಬಿಂದು ಕನಿಷ್ಠ 230 ಡಿಗ್ರಿ ಸೆಲ್ಸಿಯಸ್, ನೀರು ಹೀರಿದ ಮೇಲೆ 155. ಚಾರ್ಮಾಡಿ, ಆಗುಂಬೆಯಂಥ ಘಾಟಿ ಇಳಿಯುವಾಗ ಹಳೆಯ ಫ್ಲೂಯಿಡ್ ಕುದಿದು ಗುಳ್ಳೆಯೆದ್ದರೆ ಪೆಡಲ್ ಸ್ಪಂಜಿನಂತಾಗುತ್ತದೆ. ಎರಡು ವರ್ಷಕ್ಕೊಮ್ಮೆ ಬದಲಿಸಿ. ತೆರೆದು ವರ್ಷಗಟ್ಟಲೆ ಇಟ್ಟ ಬಾಟಲಿಯದನ್ನು ಸುರಿಯಬೇಡಿ. ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಜಾಮ್ ಆಗದಂತೆ ತಡೆಯುವ ವ್ಯವಸ್ಥೆ) ಇರುವ ಕಾರಿನಲ್ಲಿ, ಬದಲಿಸುವಾಗ ಬ್ರೇಕ್ ಪೈಪಿಗೆ ಸೇರಿದ ಗಾಳಿ ತೆಗೆಯುವುದು ತಪ್ಪಿದರೆ ಮನೆಯಲ್ಲಿ ಸರಿಪಡಿಸುವುದು ಕಷ್ಟ, ಈ ಕೆಲಸವನ್ನು ಗ್ಯಾರೇಜಿಗೇ ಬಿಡುವುದು ಒಳ್ಳೆಯದು. ಏರ್‌ಬ್ಯಾಗ್, ಎಸಿ ಗ್ಯಾಸ್, ಸಿಎನ್‌ಜಿ ಕಿಟ್ ಇವಕ್ಕಂತೂ ಕೈ ಹಾಕಬೇಡಿ.

ಚಕ್ರ ವಾಪಸ್ ಹಾಕುವಾಗ ನಟ್ಟುಗಳನ್ನು ಎದುರುಬದುರಾಗಿ ಬಿಗಿಯುತ್ತಾ ಬನ್ನಿ, ಕೊನೆಯ ಬಿಗಿ ಕಾರು ನೆಲಕ್ಕಿಳಿದ ಮೇಲೆ. ಹೆಚ್ಚಿನ ಸಣ್ಣ ಕಾರಿಗೆ 85 ರಿಂದ 110 ನ್ಯೂಟನ್ ಮೀಟರ್. ಅರ್ಧ ಮೀಟರ್ ಹಿಡಿಯ ತುದಿಯಲ್ಲಿ 20 ಕೆಜಿ ಎಳೆದರೆ ಸುಮಾರು 98. ಪಂಕ್ಚರ್ ಅಂಗಡಿಯಲ್ಲಿ ಗಾಳಿ ಗನ್ನಿನಿಂದ ಬಿಗಿದ ನಟ್ಟುಗಳನ್ನೂ ಮನೆಗೆ ಬಂದು ಸಡಿಲಿಸಿ ಇದೇ ಅಳತೆಗೆ ಬಿಗಿದಿಡಿ. ಇಲ್ಲದಿದ್ದರೆ ಮುಂದಿನ ಪಂಕ್ಚರ್ ಮಳೆಯ ರಾತ್ರಿ ಆದಾಗ ಕಾರಿನ ವೀಲ್ ಪಾನಾಕ್ಕೆ ಅವು ಜಗ್ಗುವುದಿಲ್ಲ. ಐವತ್ತು ನೂರು ಕಿಲೋಮೀಟರ್ ಓಡಿದ ಮೇಲೆ ಒಮ್ಮೆ ಮತ್ತೆ ನೋಡಿ.

ಬಿಡಿಭಾಗ ಕೊಳ್ಳುವುದು, ಹಳೆಯ ಆಯಿಲ್ ಬಿಡುವುದು

ಒಂದೇ ಹೆಸರಿನ ಕಾರಿಗೂ ವರ್ಷದಿಂದ ವರ್ಷಕ್ಕೆ ಪ್ಯಾಡ್, ಫಿಲ್ಟರ್ ಬದಲಾಗುತ್ತವೆ. ಕಂಪನಿಯ ಸ್ಪೇರ್ಸ್ ಕೌಂಟರಿನಲ್ಲಾಗಲಿ, ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಯಲ್ಲಾಗಲಿ, ಚಾಸಿಸ್ ನಂಬರ್ ಕೊಟ್ಟು ಪಾರ್ಟ್ ನಂಬರ್ ಕೇಳಿ. ಹಳೆಯ ಭಾಗವನ್ನೂ ಕೈಯಲ್ಲಿ ಒಯ್ದು ಪಕ್ಕಪಕ್ಕ ಇಟ್ಟು ನೋಡಿ. ಭಾರಿ ರಿಯಾಯಿತಿಯ ಆಯಿಲ್ ಫಿಲ್ಟರ್ ಮತ್ತು ಪ್ಲಗ್ಗುಗಳಲ್ಲಿ ನಕಲಿ ಸಿಗುವ ಸಾಧ್ಯತೆ ಹೆಚ್ಚು. ಬಿಲ್ ಇಲ್ಲದೆ ತರಬೇಡಿ.

ತೆಗೆದ ಆಯಿಲನ್ನು ಚರಂಡಿಗೆ, ತೋಟದ ಮೂಲೆಗೆ ಸುರಿಯಬೇಡಿ. ಗೆದ್ದಲಿಗೆಂದು ಬೇಲಿಗೂಟಕ್ಕೆ ಬಳಿಯುವ ರೂಢಿ ನಮ್ಮ ಹಳ್ಳಿಗಳಲ್ಲಿದೆ, ಅದೂ ಕೊನೆಗೆ ಸೇರುವುದು ಬಾವಿಯ ನೀರಿಗೇ. ಹೊಸ ಆಯಿಲ್ ಬಂದ ಕ್ಯಾನಿಗೇ ತುಂಬಿ, ಬಿಗಿಯಾಗಿ ಮುಚ್ಚಿ, ಹಳೆಯ ಆಯಿಲನ್ನು ಮರುಸಂಸ್ಕರಣೆಗೆ ಕಳಿಸುವ ಸರ್ವಿಸ್ ಸೆಂಟರಿಗೆ ಕೊಡಿ. ಅದಕ್ಕೆ ಕೂಲೆಂಟ್ ಅಥವಾ ಬ್ರೇಕ್ ಫ್ಲೂಯಿಡ್ ಬೆರೆಸಿದರೆ ಅವರು ತೆಗೆದುಕೊಳ್ಳಲಾರರು.

ರಾತ್ರಿ ಕಾರಿನ ಕೆಳಗೆ ರಟ್ಟು

ಕೆಲಸ ಮುಗಿದ ರಾತ್ರಿ ಫ್ರಿಜ್ಜಿನದೋ ಟಿವಿಯದೋ ದೊಡ್ಡ ರಟ್ಟಿನ ಪೆಟ್ಟಿಗೆ ಬಿಡಿಸಿ ಎಂಜಿನ್ ಕೆಳಗೆ, ಚಕ್ರದಿಂದ ಚಕ್ರಕ್ಕೆ ಹಾಸಿ. ಮುಂದಿನ ಚಕ್ರಗಳು ಎಲ್ಲಿವೆ ಎಂದು ಪೆನ್ನಿನಲ್ಲಿ ಗುರುತು ಹಾಕಿ. ಬೆಳಗ್ಗೆ ಸ್ಟಾರ್ಟ್ ಮಾಡುವ ಮುನ್ನ ಎಳೆದು ನೋಡಿ. ಡ್ರೈನ್ ಬೋಲ್ಟಿನ ನೇರಕ್ಕೆ ಕಂದು ಜಿಡ್ಡಿನ ಚುಕ್ಕೆಯಿದ್ದರೆ ವಾಷರ್ ಸರಿ ಕೂತಿಲ್ಲ. ಮತ್ತಷ್ಟು ಬಿಗಿಯಲು ಹೋಗದೆ, ಆಯಿಲ್ ಇಳಿಸಿ ವಾಷರ್ ಬದಲಿಸಿ. ರೇಡಿಯೇಟರಿನ ಕಡೆ ಹಸಿರು ಅಥವಾ ಕೆಂಪು ಕಲೆಯಿದ್ದರೆ ಹೋಸಿನ ಕ್ಲಿಪ್ ನೋಡಿ. ಪ್ರಯಾಣಿಕರ ಕಾಲ್ಬದಿಯ ಕೆಳಗೆ ಬಣ್ಣವಿಲ್ಲದೆ ಒಣಗಿದ ನೀರಿನ ಗುರುತು ಎಸಿಯದು, ಅದಕ್ಕೆ ತಲೆ ಕೆಡಿಸಿಕೊಳ್ಳಬೇಕಿಲ್ಲ. ಚಕ್ರದ ಒಳಬದಿಯಲ್ಲಿ ತೆಳು ಹಳದಿಯ, ಬೆರಳಿಗೆ ಜಾರುವ ಹನಿ ಕಂಡರೆ ಅದು ಬ್ರೇಕ್ ಫ್ಲೂಯಿಡ್. ಆ ಕಾರನ್ನು ಗೇಟಿನವರೆಗೂ ಓಡಿಸಬೇಡಿ, ಮೆಕ್ಯಾನಿಕ್ಕನ್ನು ಮನೆಗೇ ಕರೆಸಿ.